ಮಂದಿನಲ್ಲಿ ಪಾಲು: ಕೊಡಗಿನ ಗ್ರಾಮಕಲೆಗಳಲ್ಲಿ ಸಹಕಾರದ ಸ್ವರೂಪ

ಗ್ರಾಮಸ್ಥರು, ವಿದ್ಯಾಸಂಸ್ಥೆಗಳು, ಸರ್ಕಾರದ ಅಕಾಡೆಮಿಗಳು ಒಡಗೂಡಿ ಕಲಾಕಾರ್ಯಗಳನ್ನು ಕೈಗೊಳ್ಳುವ ಪದ್ಧತಿ ಈಗ ನಮ್ಮ ನಾಡಿನಲ್ಲಿ ರೂಢಿಗೆ ಬಂದಿದೆ. ಇಂತಹ ಕೂಟಗಳಲ್ಲಿ ಕೆಲವು ಉತ್ಸಾಹದಿಂದ ಆರಂಭವಾಗಿ ಬಹುಬೇಗ ನಿಂತುಹೋಗುವುದನ್ನು ಎಲ್ಲರೂ ಬಲ್ಲರು. ಹಣದ ಕೊರತೆಯೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಅದು ಪೂರ್ಣ ಸತ್ಯವಲ್ಲವೆಂಬುದು ನಮ್ಮ ಅಭಿಪ್ರಾಯ. ಕೂಡಿದವರಲ್ಲಿ ಯಾರ ಕೆಲಸವೇನು ಎಂಬುದು ಸಾಮಾನ್ಯವಾಗಿ ಮೊದಲೇ ಗೊತ್ತಾಗಿರುತ್ತದೆ. ಯಾರಿಗೆ ಏನು ಸಲ್ಲಬೇಕು ಎಂಬುದು ಮಾತ್ರ ಗೊತ್ತಾಗಿರುವುದಿಲ್ಲ. ಕೊಡಗಿನ ಗ್ರಾಮಜೀವನದ ಇತಿಹಾಸದಲ್ಲಿ ಈ ವಿಚಾರಕ್ಕೆ ಸ್ಪಷ್ಟವಾದ ನಿದರ್ಶನಗಳು ದೊರೆಯುತ್ತವೆ.

ಮಡಿಕೇರಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿರುವ ಚೆಟ್ಟಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ನೋಡಬಹುದು. ತಗ್ಗಿನಲ್ಲಿ ಗದ್ದೆ, ಮೇಲಿನ ಇಳಿಜಾರಿನಲ್ಲಿ ಕಾಫಿ ತೋಟ: ಕೊಡಗಿನ ಊರುಗಳ ಈ ಸಾಮಾನ್ಯ ಲಕ್ಷಣ ಇಲ್ಲಿಯೂ ಉಂಟು. ಗದ್ದೆ ಹಳೆಯದು, ತೋಟ ಹೊಸದು. ಕೊಡಗಿನ ಹಬ್ಬದ ಕಲೆಗಳೆಲ್ಲ ಗದ್ದೆಯೊಡನೆ ಬೆಳೆದುಬಂದುವು ಎಂಬುದನ್ನು ಮರೆಯಬಾರದು.

ಸಂಪ್ರದಾಯದ ಪ್ರಕಾರ ಕೊಡಗು 12 ಕೊಂಬುಗಳಾಗಿಯೂ 35 ನಾಡುಗಳಾಗಿಯೂ ವಿಂಗಡಿಸಲ್ಪಟ್ಟಿತ್ತು. ಒಕ್ಕ, ಊರು, ನಾಡು ಎಂಬ ಈ ಕ್ರಮವೇ ಹುತ್ತರಿ ಹಬ್ಬದ ಕಲೆಗೂ ಆಧಾರ. ಕದಿರು ತೆಗೆದ ತರುವಾಯ ಊರಿನವರು ಮಂದಿನಲ್ಲಿ ಸೇರಿ ಕೋಲಾಟವಾಡುತ್ತಾರೆ. ನಾಡಿನ ಮಂದಿಗೆ ಹಲವು ಊರುಗಳವರು ಬರುತ್ತಾರೆ. ಮಂದು ಬರಿಯ ಬಯಲಲ್ಲ. ಅಲ್ಲಿ ಹಿರಿತನ ತಕ್ಕರದು. ಆಡುವವರು ಒಕ್ಕಗಳ ಗಂಡಸರು. ಪರೆ ಬಡಿಯುವವರು ಮೇದರು. ಕೊಂಬು, ವಾಲಗಗಳಿಗೆ ಬೇರೆಯವರು. ಕೋಲು ಹಿಡಿದವನು ಎಷ್ಟೇ ಚತುರನಾಗಿದ್ದರೂ ಪರೆಯ ಗತಿಯಿಲ್ಲದೆ ಹೆಜ್ಜೆ ಇಡಲಾರನು. ಸುಗ್ಗಿಯ ಕಾಲದಲ್ಲಿ ಕಸಬುದಾರರಿಗೆ ಒಕ್ಕಗಳಿಂದ ಭತ್ತ ಸಲ್ಲುತ್ತಿತ್ತು. ಇದು ದಾನವಲ್ಲ, ಪಾಲು. ಬಾರಿಸುವುದು ಮೇದನ ಕರ್ತವ್ಯವಾದಂತೆ, ಭತ್ತವನ್ನು ಕೇಳಿ ಪಡೆಯುವುದು ಅವನ ಹಕ್ಕಾಗಿತ್ತು.

ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡಗರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥದಲ್ಲಿ, ಊರಿನ ಹಬ್ಬಗಳು ಬೇರೆ ಬೇರೆ ಜಾತಿಗಳವರನ್ನು ಒಂದು ಕಾರ್ಯದಲ್ಲಿ ಹೇಗೆ ಬೆಸೆಯುತ್ತಿದ್ದುವೆಂಬುದನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಅದನ್ನು ಓದಿದವರು ಹಳೆಯ ವ್ಯವಸ್ಥೆಯನ್ನು ಹೊಗಳಲು ಹೊರಡುವ ಸಂಭವವುಂಟು. ನಾವು ಹಾಗೆ ಮಾಡಲಾರೆವು. ಪಾಲು ನಿಶ್ಚಿತವಾಗಿತ್ತು, ನಿಜ, ಸಮಾನವಾಗಿರಲಿಲ್ಲ. ಯರವ ಮೊದಲಾದ ಸಮುದಾಯಗಳ ಅನೇಕರು 19ನೆಯ ಶತಮಾನದಲ್ಲಿಯೂ ಜೀತದಲ್ಲಿದ್ದರು. ಬಾರದೆ ಇರುವ ಸ್ವಾತಂತ್ರ್ಯವಿಲ್ಲದವನು ಬಂದದ್ದನ್ನು ಸಹಕಾರವೆಂದು ಕರೆಯುವುದು ಕಷ್ಟ.

ಇನ್ನು ಹಾಡಿನ ವಿಷಯ. ಕೊಡವ ಹಾಡನ್ನು ಸಾಮಾನ್ಯವಾಗಿ ನಾಲ್ವರು ದುಡಿ ಬಾರಿಸುತ್ತ ಹಾಡುತ್ತಾರೆ. ಇಬ್ಬರು ಒಂದು ಸಾಲನ್ನು ಎತ್ತಿದರೆ ಉಳಿದಿಬ್ಬರು ಅದನ್ನೇ ಮರಳಿ ಹೇಳುತ್ತಾರೆ. ಈ ಮರುಹಾಡಿಕೆ ಅಲಂಕಾರಕ್ಕಾಗಿ ಮಾತ್ರ ಬಂದುದಲ್ಲ. ಹಿಂದಿನ ಇಬ್ಬರು ಹೇಳುವಷ್ಟರಲ್ಲಿ ಮುಂದಿನ ಇಬ್ಬರಿಗೆ ಮುಂದಣ ಸಾಲನ್ನು ನೆನೆಯಲು, ಕಟ್ಟಲು ಅವಕಾಶ ದೊರೆಯುತ್ತದೆ. ಒಬ್ಬನ ಜ್ಞಾಪಕಶಕ್ತಿಗೆ ಮೀರಿದ ಹಾಡು ನಾಲ್ವರಲ್ಲಿ ಹಂಚಿಕೊಂಡು ಉಳಿಯಿತು. ಕಲೆಯಲ್ಲಿ ಪಾಲುಗಾರಿಕೆಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆಯನ್ನು ನಾವು ಕಾಣೆವು.

ಬರವಣಿಗೆ ಬಂದಾಗ ಈ ನಾಲ್ವರ ಜೊತೆಗೆ ಐದನೆಯವನೊಬ್ಬನು ಸೇರಿದನು. ಜರ್ಮನ್ ಮಿಷನರಿಗಳು ಮೊದಲು ಕೆಲವು ಹಾಡುಗಳನ್ನು ಸಂಗ್ರಹಿಸಿದರು. 1870ರಲ್ಲಿ ಹೊರಬಂದ ರಿಕ್ಟರನ ಕೈಪಿಡಿಯಲ್ಲಿ ಕೊಡವ ಹಾಡುಗಳ ಅನುವಾದಗಳಿವೆ. ಅವರ ಶ್ರಮ ಸಾಮಾನ್ಯವಾದುದಲ್ಲ. ಆದರೆ ಆ ಪುಸ್ತಕ ಹಾಡಿದವರ ಕೈಗೆ ಮರಳಲೆಂದು ಬರೆದುದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು (1875-1931) 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯ ರೀತಿಯೇ ಬೇರೆ. ಅದು ಕೊಡವ ಭಾಷೆಯಲ್ಲಿದೆ, ಕನ್ನಡ ಲಿಪಿಯಲ್ಲಿದೆ. ಮದುವೆ, ಸಾವು, ಹುತ್ತರಿ, ಕೈಲ್‌ಪೊಳ್ದ್ ಮೊದಲಾದ ಸಂದರ್ಭಗಳ ಹಾಡುಗಳೇ ಅದರ ಬಹುಭಾಗ. ಪದ್ಧತಿಗಳೂ ಗಾದೆಗಳೂ ಜೊತೆಗಿವೆ. ಹಾಡುವ ಸಮಾಜದೊಳಗಿನವರೇ ಹಾಡುವವರು ಮರಳಿ ಓದಿಕೊಳ್ಳಬಹುದಾದ ರೂಪದಲ್ಲಿ ಅದನ್ನು ಸಿದ್ಧಪಡಿಸಿದರು. ಸಂಗ್ರಾಹಕನು ಕೊಂಡುಹೋದುದನ್ನು ಹಿಂದಿರುಗಿಸಿದನೆಂಬುದೇ ಈ ಗ್ರಂಥದ ಹಿರಿಮೆ. 2003ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದ ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿಗಳು ಗ್ರಂಥಕರ್ತರ ಮೊಮ್ಮಕ್ಕಳೇ ಆಗಿದ್ದಾರೆ.

ಈಗ ಗದ್ದೆಯಿಂದ ತೋಟಕ್ಕೆ ಏರೋಣ. ಮಡಿಕೇರಿಯ ಬಳಿ ಫೌಲರ್ ಎಂಬಾತನು 1854ರಲ್ಲಿ ತೋಟವನ್ನು ಆರಂಭಿಸಿದ ಮೇಲೆ ಕಾಫಿ ಬೇಸಾಯ ವೇಗವಾಗಿ ಹಬ್ಬಿತು. ಚೆಟ್ಟಳ್ಳಿಯಲ್ಲಿ 1946ರಲ್ಲಿ ಕಾಫಿ ಸಂಶೋಧನೆಯ ಉಪಕೇಂದ್ರವೇ ಸ್ಥಾಪಿತವಾಯಿತು. ತೋಟ ತಂದ ಬದಲಾವಣೆ ಬೆಳೆಯದು ಮಾತ್ರವಲ್ಲ. ಕೂಲಿ ವಾರಕ್ಕೊಮ್ಮೆ ಹಣದಲ್ಲಿ ಸಲ್ಲತೊಡಗಿದಾಗ ಸುಗ್ಗಿಯ ಭತ್ತದ ಅರ್ಥ ಕುಗ್ಗಿತು. ಪರೆ ಬಡಿಯುವ ಕರ್ತವ್ಯ ಹಾಗೆಯೇ ಉಳಿಯಿತು, ಅದಕ್ಕೆ ಪ್ರತಿಯಾದ ಹಕ್ಕು ಸಡಿಲವಾಯಿತು. ಹಬ್ಬದ ವಾದ್ಯಕ್ಕೆ ಜನ ಸಿಕ್ಕುವುದಿಲ್ಲವೆಂದು ಮುಂದಿನ ತಲೆಮಾರಿನ ಹಿರಿಯರು ದೂರಿದರೆ, ಆ ದೂರಿನ ಮೂಲವನ್ನು ಇಲ್ಲಿ ಹುಡುಕಬೇಕೇ ಹೊರತು ಯುವಕರ ಅನಾಸಕ್ತಿಯಲ್ಲಲ್ಲ.

ಎರಡನೆಯದಾಗಿ, ಮೈಸೂರು, ಮಲಬಾರು, ತಮಿಳುನಾಡುಗಳಿಂದ ಬಂದ ತೋಟದ ಆಳುಗಳು ಲೈನ್‌ಮನೆಗಳಲ್ಲಿ ನೆಲಸಿದರು. ಒಕ್ಕ, ಊರು, ನಾಡುಗಳ ಲೆಕ್ಕದಲ್ಲಿ ಅವರಿಗೆ ಸ್ಥಾನವಿರಲಿಲ್ಲ; ಮಂದಿನಲ್ಲಿ ಅವರು ನೋಡುವವರು ಮಾತ್ರ. ಹಳೆಯ ವ್ಯವಸ್ಥೆ ಕೆಳಗಿಟ್ಟವರಿಗೂ ಒಂದು ಪಾಲನ್ನು ಹೆಸರಿಸಿತ್ತು. ಹೊಸ ವ್ಯವಸ್ಥೆಯಲ್ಲಿ ಈ ದೊಡ್ಡ ಜನಸಂಖ್ಯೆಗೆ ಕೂಲಿಯುಂಟು, ಪಾಲಿಲ್ಲ.

1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯೂ 2011ರಲ್ಲಿ ಅರೆಭಾಷೆಯ ಅಕಾಡೆಮಿಯೂ ಸ್ಥಾಪಿತವಾದುವು. ಎರಡನೆಯದರ ಸ್ಥಾಪನೆ ವಿಶೇಷ ಗಮನಕ್ಕೆ ಅರ್ಹ: ಹುತ್ತರಿಯನ್ನು ಆಚರಿಸುವ ಅರೆಭಾಷೆ ಗೌಡರ ಪಾಲನ್ನು ಅದು ಹೆಸರಿಟ್ಟು ಗುರುತಿಸಿತು. ಲೈನ್‌ಮನೆಗಳ ಹಾಡುಗಳಿಗೆ, ಯರವರ ಕುಣಿತಕ್ಕೆ, ಮೇದರ ಪರೆಯ ಗತಿಗಳಿಗೆ ‘ಪಟ್ಟೋಲೆ ಪಳಮೆ’ಯ ಗಾತ್ರದ ಪುಸ್ತಕವೊಂದನ್ನು ಕಟ್ಟುವ ಕೆಲಸವನ್ನು ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳಬಹುದು. ಹಾಗೆ ಕೈಗೊಂಡಲ್ಲಿ ಬಾರಿಸುವವರ ಹೆಸರು ಮುಖಪುಟದಲ್ಲಿ ಬರುವುದೋ, ಒಳಗಿನ ಕೃತಜ್ಞತೆಯ ಸಾಲಿನಲ್ಲಿ ಬರುವುದೋ ಎಂಬುದನ್ನು ಮೊದಲ ದಿನವೇ, ಅವರನ್ನೂ ಕೂರಿಸಿಕೊಂಡು, ತೀರ್ಮಾನಿಸಬೇಕಾಗುತ್ತದೆ.