ಹೃದಯದ ಕ್ಯಾತಿಟರ್ ಪರೀಕ್ಷೆಗೆ ರೋಗಿಯ ಪೂರ್ವಸಿದ್ಧತೆ

ಹೃದಯದ ಕ್ಯಾತಿಟರ್ ಪರೀಕ್ಷೆ ಎಂದರೆ ಸುಮಾರು 2 ಮಿಲಿಮೀಟರ್ ದಪ್ಪದ ಮೆದುವಾದ ನಳಿಕೆಯನ್ನು ಮಣಿಕಟ್ಟಿನ ಅಥವಾ ತೊಡೆಸಂದಿಯ ರಕ್ತನಾಳದ ಮೂಲಕ ಹೃದಯದವರೆಗೆ ಸಾಗಿಸಿ ನಡೆಸುವ ತಪಾಸಣೆ. ಆ ನಳಿಕೆಯಿಂದ ಅಯೋಡಿನ್‌ಯುಕ್ತ ದ್ರವವನ್ನು ಬಿಟ್ಟು ಹೃದಯದ ಅಪಧಮನಿಗಳ ಎಕ್ಸ್-ರೇ ಚಿತ್ರ ತೆಗೆಯುವುದು ಆಂಜಿಯೋಗ್ರಾಮ್. ಜನರ ಬಾಯಲ್ಲಿ ಇಡೀ ಪರೀಕ್ಷೆಗೇ ಈ ಹೆಸರು ನಿಂತಿದೆ. ಜರ್ಮನಿಯ ವರ್ನರ್ ಫೋರ್ಸ್‌ಮನ್ 1929ರಲ್ಲಿ ತನ್ನ ತೋಳಿನ ಅಭಿಧಮನಿಯ ಮೂಲಕ ತನ್ನ ಹೃದಯಕ್ಕೇ ನಳಿಕೆ ಸೇರಿಸಿಕೊಂಡು ಈ ವಿಧಾನಕ್ಕೆ ದಾರಿ ತೆರೆದನು. 1956ರ ನೊಬೆಲ್ ಪ್ರಶಸ್ತಿಯಲ್ಲಿ ಅವನಿಗೂ ಪಾಲು ದೊರೆಯಿತು.

ಹಾವೇರಿ ಜಿಲ್ಲೆಯ ಹಿನ್ನೆಲೆ

ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ರೋಗಿಗಳು ಈ ಪರೀಕ್ಷೆಗಾಗಿ ಸಾಮಾನ್ಯವಾಗಿ ಹುಬ್ಬಳ್ಳಿ ಅಥವಾ ಧಾರವಾಡಕ್ಕೆ ಹೋಗುತ್ತಾರೆ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗಗಳೂ ಅನುಕೂಲ. ಕೆಲವರು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯವರೆಗೂ ಪ್ರಯಾಣ ಮಾಡುವುದುಂಟು. ಊರಿನಲ್ಲಿಯೇ ಆಸ್ಪತ್ರೆ ಇದ್ದವನಿಗೆ ಪರೀಕ್ಷೆ ಒಂದು ದಿನ ಮುಂದೆ ಹೋದರೆ ದೊಡ್ಡ ನಷ್ಟವಿಲ್ಲ. ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬಂದವನಿಗೆ ಅದೇ ದೊಡ್ಡ ಪೆಟ್ಟು. ಆದ್ದರಿಂದ ಸಿದ್ಧತೆ ಊರಿನಲ್ಲಿಯೇ ಆರಂಭವಾಗಬೇಕು.

ಔಷಧಿಗಳು

ಸಿದ್ಧತೆಯ ಅತಿ ಮುಖ್ಯ ಭಾಗ ಇದೇ. ಸೇವಿಸುತ್ತಿರುವ ಮಾತ್ರೆಗಳ ಹೆಸರು ನೆನಪಿರುವುದಿಲ್ಲವಾದ್ದರಿಂದ, ಮಾತ್ರೆಗಳ ಹಾಳೆಗಳನ್ನೂ ಹಳೆಯ ಚೀಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು ಉತ್ತಮ. ನಾಟಿ ಔಷಧಿ, ಚೂರ್ಣಗಳನ್ನೂ ಮುಚ್ಚಿಡದೆ ಹೇಳಬೇಕು.

ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ‘ರಕ್ತ ತೆಳುವಾಗಿಸುವ ಮಾತ್ರೆ’ ಎಂದು ಕೇಳಿ ರೋಗಿ ತಾನಾಗಿಯೇ ಬಿಟ್ಟರೆ, ಮೊದಲೇ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅದು ಕಟ್ಟಿಕೊಳ್ಳುವ ಅಪಾಯವಿದೆ. ವಾರ್ಫರಿನ್ ಅಥವಾ ಅಸೆನೊಕೌಮರಾಲ್‌ನ ಸಂಗತಿ ಬೇರೆ: ಇವುಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗಬಹುದು. ಆದರೆ ಕೃತಕ ಕವಾಟ ಜೋಡಿಸಿಕೊಂಡವರು ವೈದ್ಯರು ಹೇಳದೆ ಒಂದು ದಿನವೂ ಬಿಡಬಾರದು.

ಮಧುಮೇಹಿಗಳು ಉಪವಾಸದ ಬೆಳಿಗ್ಗೆ ಎಂದಿನ ಪ್ರಮಾಣದ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಪ್ರಮಾಣವನ್ನು ಹಿಂದಿನ ದಿನವೇ ಕೇಳಿ ಬರೆಸಿಕೊಳ್ಳಬೇಕು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮೆಟ್‌ಫಾರ್ಮಿನ್ ನಿಲ್ಲಿಸಿ, ಪರೀಕ್ಷೆಯಾದ 48 ಗಂಟೆಗಳ ನಂತರ ಕ್ರಿಯಾಟಿನಿನ್ ನೋಡಿ ಮತ್ತೆ ಆರಂಭಿಸುತ್ತಾರೆ. ಅಯೋಡಿನ್ ದ್ರವ ಹೊರಹೋಗುವುದು ಮೂತ್ರಪಿಂಡಗಳ ಮೂಲಕವೇ ಎಂಬುದು ಇದಕ್ಕೆ ಕಾರಣ. ಹಿಂದೆ ಸಿ.ಟಿ. ಸ್ಕ್ಯಾನ್‌ನ ಚುಚ್ಚುಮದ್ದಿನಿಂದ ಮೈ ದದ್ದೆದ್ದಿದ್ದರೆ, ಉಬ್ಬಸವಿದ್ದರೆ, ಗರ್ಭಿಣಿಯಾಗಿದ್ದರೆ ಅದನ್ನೂ ತಿಳಿಸಬೇಕು.

ಉಪವಾಸ ಮತ್ತು ದೇಹಸಿದ್ಧತೆ

ಸಾಮಾನ್ಯವಾಗಿ ಪರೀಕ್ಷೆಗೆ 6 ಗಂಟೆ ಮೊದಲು ಆಹಾರವನ್ನೂ 2 ಗಂಟೆ ಮೊದಲು ನೀರನ್ನೂ ನಿಲ್ಲಿಸುತ್ತಾರೆ. ಆಸ್ಪತ್ರೆಯ ಸೂಚನೆ ಬೇರೆಯಿದ್ದರೆ ಅದನ್ನೇ ಪಾಲಿಸಬೇಕು. ಬಸ್ ನಿಲ್ದಾಣದ ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಆಹಾರ. ಸವಣೂರಿನ ವೀಳ್ಯದೆಲೆ ಎಷ್ಟೇ ಹೆಸರಾದದ್ದಾದರೂ ಅಂದು ಎಲೆ, ಅಡಿಕೆ, ತಂಬಾಕು, ಗುಟ್ಕಾ ಯಾವುದೂ ಸಲ್ಲದು.

ಇಸಿಜಿ, ಎಕೋ, ರಕ್ತದ ಪರೀಕ್ಷೆಗಳ ವರದಿಗಳು ಕೈಯಲ್ಲಿರಬೇಕು. ಮಣಿಕಟ್ಟು ಮತ್ತು ತೊಡೆಸಂದಿಯ ಕೂದಲನ್ನು ಆಸ್ಪತ್ರೆಯಲ್ಲಿಯೇ ತೆಗೆಯುತ್ತಾರೆ. ಮನೆಯಲ್ಲಿ ಬ್ಲೇಡಿನಿಂದ ಗೀರಿಕೊಳ್ಳುವುದು ಸೋಂಕಿಗೆ ದಾರಿ. ಬಳೆ, ಉಂಗುರ, ಕೈದಾರ, ಕಟ್ಟಿಸಿಕೊಂಡ ಹಲ್ಲು ತೆಗೆದಿಡಬೇಕು. ಬೆರಳಿಗೆ ಆಮ್ಲಜನಕ ಅಳೆಯುವ ಸಾಧನ ಹಾಕುವುದರಿಂದ ಉಗುರಿಗೆ ಮದರಂಗಿ, ಬಣ್ಣ ಬೇಡ.

ಒಪ್ಪಿಗೆ ಮತ್ತು ಖರ್ಚು

ನಾಳ ಕಟ್ಟಿರುವುದು ಕಂಡರೆ ಅದೇ ಮೇಜಿನ ಮೇಲೆಯೇ ಸ್ಟೆಂಟ್ ಹಾಕಬೇಕೇ ಎಂಬ ಪ್ರಶ್ನೆ ಹೊರಗೆ ಕುಳಿತ ಮನೆಯವರ ಮುಂದೆ ಬರುತ್ತದೆ. ಆ ಗಳಿಗೆಯಲ್ಲಿ ವಿಚಾರ ಮಾಡಲು ವ್ಯವಧಾನವಿರುವುದಿಲ್ಲ. ಹಿಂದಿನ ದಿನವೇ ವೈದ್ಯರನ್ನು ಕೇಳಿ, ಮನೆಯವರೊಡನೆ ಮಾತಾಡಿಟ್ಟುಕೊಂಡಿದ್ದರೆ ಒಪ್ಪಿಗೆಪತ್ರಕ್ಕೆ ನಿಜವಾದ ಅರ್ಥ ಬರುತ್ತದೆ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಬೇಕಾದವರು ಪಡಿತರ ಚೀಟಿ, ಆಧಾರ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಒಯ್ಯಬೇಕು. ಆಂಜಿಯೋಗ್ರಾಮ್‌ನ ಖರ್ಚು ಯೋಜನೆಯೊಳಗೆ ಬರುತ್ತದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ತುರ್ತು ಸಂದರ್ಭ

ಮೇಲಿನದೆಲ್ಲವೂ ಮೊದಲೇ ದಿನ ನಿಗದಿಯಾದ ಪರೀಕ್ಷೆಗೆ ಮಾತ್ರ. ಎದೆನೋವು ಕಾಣಿಸಿಕೊಂಡವರು ಉಪವಾಸ, ಕಾಗದಪತ್ರ ಎಂದು ತಡಮಾಡದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. 108ಕ್ಕೆ ಕರೆ ಮಾಡಬಹುದು. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ಹೃದಯಾಘಾತದ ರೋಗಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಊರಿನ ಸಮೀಪವೇ ಉಚಿತವಾಗಿ ಒದಗಿಸುವ ಉದ್ದೇಶದ್ದು.

ಪರೀಕ್ಷೆಯ ನಂತರ

ತೊಡೆಯ ಮೂಲಕ ಮಾಡಿದ್ದರೆ ಕೆಲವು ಗಂಟೆ ಕಾಲು ಮಡಿಸದೆ ಮಲಗಿರಬೇಕು. ಮಣಿಕಟ್ಟಿನ ಮೂಲಕವಾದರೆ ಬೇಗನೆ ಎದ್ದು ಕೂರಬಹುದು. ವೈದ್ಯರು ಮಿತಿ ಹೇಳಿಲ್ಲವಾದರೆ ಸಾಕಷ್ಟು ನೀರು ಕುಡಿಯಬೇಕು. ಅಂದು ಬೈಕ್ ನಡೆಸಬಾರದು. ಕೆಲವು ದಿನ ಭಾರ ಎತ್ತುವ ಹೊಲದ ಕೆಲಸವೂ ಬೇಡ. ಊರಿಗೆ ಮರಳುವ ದಾರಿಯಲ್ಲಿ ರಕ್ತ ಜಿನುಗಿದರೆ ಆ ಜಾಗವನ್ನು ಬಿಗಿಯಾಗಿ ಒತ್ತಿ ಹಿಡಿದು, ಹತ್ತಿರದ ಆಸ್ಪತ್ರೆಯಲ್ಲಿ ಇಳಿಯಬೇಕು.