ಬಾಲನಟರ ಕಣ್ಣೀರು ಮತ್ತು ಕಾನೂನು: ಹಾಲಿವುಡ್‌ನ ಒಂದು ಅಧ್ಯಾಯ

ಮಗುವಿನ ಅಭಿನಯವನ್ನು ‘ಸಹಜ’ವೆಂದು ಕೊಂಡಾಡುವುದು ಚಲನಚಿತ್ರ ವಿಮರ್ಶೆಯ ಹಳೆಯ ರೂಢಿ. ಆ ಸಹಜತೆಯನ್ನು ಯಾವ ಬಗೆಯಲ್ಲಿ ಪಡೆಯಲಾಯಿತು ಎಂಬ ಪ್ರಶ್ನೆಗೆ ಅಮೆರಿಕದ ಚಿತ್ರೋದ್ಯಮದ ಆರಂಭಿಕ ದಶಕಗಳು ಕಹಿಯಾದ ಉತ್ತರವನ್ನು ನೀಡುತ್ತವೆ.

1921ರಲ್ಲಿ ತೆರೆಕಂಡ ಚಾರ್ಲಿ ಚಾಪ್ಲಿನ್ನರ ‘ದಿ ಕಿಡ್’ ಚಿತ್ರದಲ್ಲಿ, ಅನಾಥಾಲಯದವರು ಎಳೆದೊಯ್ಯುವಾಗ ಬಾಲಕ ಜಾಕಿ ಕೂಗನ್ ಅಳುವ ದೃಶ್ಯ ಜಗತ್ಪ್ರಸಿದ್ಧವಾದುದು. ನಗುನಗುತ್ತಿದ್ದ ಹುಡುಗನಿಗೆ ಅಳು ಬಾರದಿದ್ದಾಗ, ಅಳದಿದ್ದರೆ ನಿಜವಾಗಿಯೂ ಅನಾಥರ ದುಡಿಮೆಮನೆಗೆ ಕಳುಹಿಸುವುದಾಗಿ ತಂದೆಯೇ ಹೆದರಿಸಿದ ಸಂಗತಿಯನ್ನು ಚಾಪ್ಲಿನ್ ತಮ್ಮ 1964ರ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಪ್ರೇಕ್ಷಕರು ಮೆಚ್ಚಿದ ಆ ಅಳು ನಟನೆಯಾಗಿರದೆ ಭಯವಾಗಿತ್ತು.

ಇದು ಒಂಟಿ ಪ್ರಸಂಗವಲ್ಲ. 1931ರ ‘ಸ್ಕಿಪ್ಪಿ’ ಚಿತ್ರದ ನಿರ್ದೇಶಕ ನಾರ್ಮನ್ ಟೌರೋಗ್, ಬಾಲನಟ ಜಾಕಿ ಕೂಪರನ ಬಂಧುವೂ ಆಗಿದ್ದರು. ಹುಡುಗ ಅಳಬೇಕೆಂದು ಅವನ ಸಾಕುನಾಯಿಯನ್ನು ಕೊಲ್ಲುವ ಬೆದರಿಕೆ ಹಾಕಲಾಯಿತು. ಆ ಚಿತ್ರ ಟೌರೋಗರಿಗೆ ಶ್ರೇಷ್ಠ ನಿರ್ದೇಶಕರ ಆಸ್ಕರ್ ತಂದಿತು. ಒಂಬತ್ತರ ಹರೆಯದ ಕೂಪರ್ ಶ್ರೇಷ್ಠ ನಟ ಪ್ರಶಸ್ತಿಗೆ ನಾಮನಿರ್ದೇಶನಗೊಂಡ. ಐವತ್ತು ವರ್ಷಗಳ ತರುವಾಯ, 1981ರಲ್ಲಿ, ಕೂಪರ್ ತಮ್ಮ ಆತ್ಮಕಥೆಗೆ ಆ ನಾಯಿಯನ್ನು ಕುರಿತ ಶೀರ್ಷಿಕೆಯನ್ನೇ ಇರಿಸಿದರು ಎಂಬುದು ಗಾಯದ ಆಳವನ್ನು ಸೂಚಿಸುತ್ತದೆ. 1930ರ ದಶಕದ ಆರಂಭದಲ್ಲಿ ಕಿರುಚಿತ್ರಗಳಲ್ಲಿ ನಟಿಸುತ್ತಿದ್ದ ಪುಟ್ಟ ಮಕ್ಕಳು ಹೇಳಿದಂತೆ ಕೇಳದಿದ್ದರೆ, ಮಂಜುಗಡ್ಡೆಯಿರಿಸಿದ ಕತ್ತಲ ಪೆಟ್ಟಿಗೆಯೊಳಗೆ ಅವರನ್ನು ಕೂಡುತ್ತಿದ್ದರೆಂದು ಶರ್ಲಿ ಟೆಂಪಲ್ 1988ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಈ ನೋವು ನ್ಯಾಯಾಲಯದ ಮುಂದೆ ಬಂದುದು ಹಣದ ರೂಪದಲ್ಲಿ. ಕೂಗನ್ ಬಾಲ್ಯದಲ್ಲಿ ಗಳಿಸಿದ್ದು ಮೂರರಿಂದ ನಾಲ್ಕು ದಶಲಕ್ಷ ಡಾಲರ್ ಎಂದು ಅಂದಾಜು. ಅಪ್ರಾಪ್ತ ವಯಸ್ಕರ ಗಳಿಕೆ ತಂದೆತಾಯಿಯರ ಸ್ವತ್ತೆಂಬುದೇ ಅಂದಿನ ಕ್ಯಾಲಿಫೋರ್ನಿಯಾದ ನಿಯಮವಾಗಿತ್ತು. ತಂದೆ 1935ರಲ್ಲಿ ಅಪಘಾತದಲ್ಲಿ ತೀರಿಕೊಂಡ ಬಳಿಕ, 1938ರಲ್ಲಿ ಕೂಗನ್ ತಾಯಿ ಹಾಗೂ ಮಲತಂದೆಯ ಮೇಲೆ ದಾವೆ ಹೂಡಿದರು. ಕೊನೆಗೆ ಕೈಸೇರಿದ್ದು ಸುಮಾರು 1,26,000 ಡಾಲರ್ ಮಾತ್ರ. ಇದರ ಫಲವಾಗಿ 1939ರಲ್ಲಿ ‘ಕೂಗನ್ ಕಾಯಿದೆ’ ಜಾರಿಗೆ ಬಂದಿತು. ಅದರ ರಕ್ಷಣೆ ನ್ಯಾಯಾಲಯ ಅನುಮೋದಿಸಿದ ಒಪ್ಪಂದಗಳಿಗಷ್ಟೇ ಸೀಮಿತವಾಗಿತ್ತು. ಮಗುವಿನ ಗಳಿಕೆ ಮಗುವಿನದೇ ಎಂದು ಸಾರಿ, ಅದರ ಶೇ. 15ರಷ್ಟನ್ನು ಕಾದಿರಿಸುವ ತಿದ್ದುಪಡಿ ಜಾರಿಯಾದುದು 2000ದಲ್ಲಿ.

ಇಲ್ಲಿ ಗಮನಿಸಬೇಕಾದುದೆಂದರೆ, ಕೂಗನ್ ಕಾಯಿದೆ ಮಗುವಿನ ಹಣವನ್ನು ಕಾಯಲು ಹೊರಟಿತೇ ಹೊರತು ಮಗುವಿನ ಭಯವನ್ನಲ್ಲ. ದೋಚಿದ ಹಣಕ್ಕೆ ಲೆಕ್ಕವಿರುತ್ತದೆ. ಹೆದರಿಸಿ ಪಡೆದ ಕಣ್ಣೀರಿಗೆ ಲೆಕ್ಕಪತ್ರವಿಲ್ಲ. ಅದು ಬೆಳಕಿಗೆ ಬಂದುದು ದಶಕಗಳ ನಂತರದ ಆತ್ಮಕಥೆಗಳಲ್ಲಿ.

ಭಾರತದಲ್ಲಿ 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯಿದೆಯು ಮಕ್ಕಳು ಕಲಾವಿದರಾಗಿ ದುಡಿಯುವುದಕ್ಕೆ ಷರತ್ತುಬದ್ಧ ಅವಕಾಶ ನೀಡಿತು. 2017ರ ನಿಯಮಗಳ ಪ್ರಕಾರ ದಿನಕ್ಕೆ ಐದು ಗಂಟೆ ಮೀರಿ ದುಡಿಸುವಂತಿಲ್ಲ. ಆದಾಯದ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ನಟಿಸುವಂತೆ ಮಾಡಕೂಡದು. ಕನ್ನಡ ಚಿತ್ರರಂಗಕ್ಕೂ ಕಿರುತೆರೆಗೂ ಅನ್ವಯಿಸುವ ಈ ನಿಯಮಗಳಲ್ಲಿ ಕೊನೆಯದೇ ಅತ್ಯಂತ ಮುಖ್ಯವಾದುದು, ಜಾರಿಗೊಳಿಸಲು ಅತ್ಯಂತ ಕಠಿಣವಾದುದೂ ಹೌದು. ತಂದೆಯೇ ಹೆದರಿಸುವವನಾದಾಗ ಮಗುವಿನ ಒಪ್ಪಿಗೆಯನ್ನು ಕೇಳುವವರು ಯಾರು ಎಂಬ ಪ್ರಶ್ನೆಯನ್ನು 1921ರ ಆ ದೃಶ್ಯ ಇಂದಿಗೂ ಉಳಿಸಿದೆ.