ಕಾಲೇಜು ಪ್ರವೇಶ ಸಿದ್ಧತೆ (ಸೇಡಂ–ಚಿತ್ತಾಪುರ ಭಾಗ)

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳನ್ನು ಪೈಪೋಟಿ ಹೆಚ್ಚಿರುವ ಕಾಲೇಜುಗಳ ಪ್ರವೇಶಕ್ಕೆ ಅಣಿಗೊಳಿಸುವ ಕೆಲಸದ ಬಗ್ಗೆ ಈ ಟಿಪ್ಪಣಿ. ಇಲ್ಲಿ ಪ್ರವೇಶಕ್ಕೆ ಕೇಳುವುದು ಅಂಕ, ರ‍್ಯಾಂಕ್ ಮತ್ತು ಕಾಗದಪತ್ರ.

ಕಾಗದಪತ್ರಗಳಲ್ಲಿ ಮುಖ್ಯವಾದುದು 371(ಜೆ) ಅರ್ಹತಾ ಪ್ರಮಾಣಪತ್ರ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ, 2013ರ ಆದೇಶದಂತೆ, ಕಲಬುರಗಿ ಸೇರಿದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಮೀಸಲು. ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅವರ ಕಚೇರಿ ಸೇಡಂನಲ್ಲೇ ಇದೆ. ಶಾಲಾ ದಾಖಲೆಯಲ್ಲಿ ತಂದೆಯ ಹೆಸರು ಒಂದು ತೆರ, ಆಧಾರ್‌ನಲ್ಲಿ ಇನ್ನೊಂದು ತೆರ ಇದ್ದರೆ ಓಡಾಟ ಶುರು. ಆದ್ದರಿಂದ ಅನುಭವಿ ಉಪನ್ಯಾಸಕರು ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅರ್ಜಿಗೆ ಕಾಯದೆ ಪ್ರಥಮ ಪಿಯುಸಿಯಲ್ಲೇ ಈ ಪತ್ರವನ್ನು ಮಾಡಿಸಿಬಿಡುತ್ತಾರೆ. ಜಾಣತನದ ಕೆಲಸ ಅದು.

ಈ ಮೀಸಲಾತಿ ಐಐಟಿಗಳಿಗೆ ಅನ್ವಯಿಸದು. ಪ್ರವೇಶ ಪರೀಕ್ಷೆಯ ಭಾಷೆಯೂ ಒಂದು ತೊಡಕು. ವೈದ್ಯಕೀಯದ ನೀಟ್ ಅನ್ನು 2017ರಿಂದ, ಎಂಜಿನಿಯರಿಂಗ್‌ನ ಜೆಇಇ ಮೇನ್ ಅನ್ನು 2021ರಿಂದ ಕನ್ನಡದಲ್ಲಿ ಬರೆಯಬಹುದು. ಐಐಟಿಗೆ ಬೇಕಾದ ಜೆಇಇ ಅಡ್ವಾನ್ಸ್‌ಡ್ ಮಾತ್ರ ಇಂಗ್ಲಿಷ್, ಹಿಂದಿಯಲ್ಲೇ ಉಳಿದಿದೆ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿಯುವ ಹುಡುಗನಿಗೆ ಗಣಿತಕ್ಕಿಂತ ಪ್ರಶ್ನೆಯ ವಾಕ್ಯವೇ ಕಠಿಣ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕವೂ ಅರ್ಧ ಸೇರುತ್ತದೆ. ಇನ್ನು, ಹತ್ತಿರದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯದು (ಸ್ಥಾಪನೆ 2009); ಅಲ್ಲಿನ ಪದವಿಗೆ 2022ರಿಂದ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ.